ಮಂದೆ, ಕುಲ, ಗಣ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯಮಾಸದ ದನಗಳ ಜಾತ್ರೆಗೆ ಬರುವ ರೈತನು ಉಳುವ ಎತ್ತುಗಳನ್ನು ಎರಡೆಂದು ಎಣಿಸುವುದಿಲ್ಲ, ‘ಒಂದು ಜೊತೆ’ ಎನ್ನುತ್ತಾನೆ. ಒಂದೇ ನೊಗಕ್ಕೆ ಹೆಗಲು ಕೊಟ್ಟವು ಜೊತೆ, ಒಟ್ಟಿಗೆ ಮೇಯುವವು ಮಂದೆ. ಕುರಿಗಳದು ಹಿಂಡು, ಹುಲ್ಲಿನದು ಮೆದೆ, ಈ ಸೀಮೆಯ ನೀಲಿ ದ್ರಾಕ್ಷಿಯದು ಗೊಂಚಲು. ಊರಿನ ನೇಕಾರರು ಮಗ್ಗದ ಉದ್ದಕ್ಕೆ ಎಳೆದು ಕಟ್ಟಿದ ನೂಲೆಳೆಗಳೆಲ್ಲವನ್ನೂ ಕೂಡಿಸಿ ‘ಹಾಸು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಕೂಡಿಸಿದ್ದು ಯಾವುದು ಎಂಬುದನ್ನು ನೋಡಿ ಕನ್ನಡವು ಗುಂಪಿಗೆ ಹೆಸರಿಡುತ್ತದೆ.

ಮನುಷ್ಯರ ಗುಂಪಿಗೆ ಬಹುಕಾಲ ನಿಂತ ಹೆಸರು ಕುಲ. ಅಲ್ಲಿ ಕೂಡಿಸುವುದು ಹುಟ್ಟು. 12ನೆಯ ಶತಮಾನದ ಶರಣರು ಅದನ್ನು ಬದಿಗಿರಿಸಿ ‘ಗಣ’ವೆಂಬ ಮಾತನ್ನು ಹಿಡಿದರು. ಪುರಾಣಗಳಲ್ಲಿ ಅದು ಕೈಲಾಸದಲ್ಲಿ ಶಿವನ ಪರಿವಾರಕ್ಕೆ ಸಲ್ಲುವ ಹೆಸರು. ಶರಣರು ಅದನ್ನು ನೆಲದ ಮೇಲೆ ದುಡಿಯುವವರಿಗೆ ಸಲ್ಲಿಸಿದರು. ‘ಗಣಂಗಳು’ ಎಂಬ ಹಳೆಯ ರೂಪ ವ್ಯಾಕರಣದಲ್ಲಿ ನಪುಂಸಕಲಿಂಗ. ಗಂಡು ಹೆಣ್ಣೆಂಬ ಭೇದಕ್ಕೆ ಅದರಲ್ಲಿ ಎಡೆಯಿಲ್ಲ. ಮಾದಾರ ಚೆನ್ನಯ್ಯನವರೂ ಆಯ್ದಕ್ಕಿ ಲಕ್ಕಮ್ಮನವರೂ ಅದರೊಳಗೆ ಸಮಾನರು.

ಈ ಪಲ್ಲಟವು ತುರುಗಾಹಿ ರಾಮಣ್ಣನವರ ಹೆಸರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತುರು ಎಂದರೆ ದನ, ದನದ ಮಂದೆ. ತುರುಗೋಳಿನಲ್ಲಿ, ಎಂದರೆ ದನಗಳನ್ನು ಹಿಡಿದೊಯ್ಯುವ ಕಾಳಗದಲ್ಲಿ, ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ನಾಡಿನಲ್ಲಿ ಹಲವಿವೆ. ಕಲ್ಯಾಣದಲ್ಲಿ ದನ ಕಾಯುವುದನ್ನೇ ಕಾಯಕವಾಗಿ ಉಳ್ಳವರು ರಾಮಣ್ಣನವರು. ‘ಗೋಪತಿನಾಥ ವಿಶ್ವೇಶ್ವರಲಿಂಗ’ ಅವರ ಅಂಕಿತ. ಮಂದೆಯನ್ನು ಕಾಯ್ದವರು ಗಣದಲ್ಲಿ ಒಬ್ಬರಾದರು, ದನಗಾಹಿಯೆಂಬ ಹೆಸರನ್ನು ಬಿಡದೆಯೇ ಆದರು. ಆ ಗಣದ ಹೆಸರನ್ನು ನಾಲಗೆಯ ಮೇಲಿಟ್ಟುಕೊಂಡೇ ಒಳಪಂಗಡ ಯಾವುದೆಂದು ಕೇಳುವ ರೂಢಿ ಇಂದಿಗೂ ನಿಂತಿಲ್ಲವೆಂಬುದು ನೋವಿನ ಸಂಗತಿ.

ಗಣವನ್ನು ಎಣಿಸುವ ಸಂಪ್ರದಾಯವೂ ಬೆಳೆಯಿತು. ಪುರಾತನರು 63, ತೇರಸರು 13, ಷೋಡಶರು 16, ದಶಗಣಂಗಳು 10. ಕಲ್ಯಾಣದ ಅಮರಗಣಂಗಳು 770. ಕನ್ನಡದಲ್ಲಿ ಎತ್ತು ಎರಡು, ಮನುಷ್ಯರು ಇಬ್ಬರು. ಅಂತೆಯೇ ಪುರಾತನರು ‘ಅರವತ್ತಮೂವರು’. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರಿಗೂ ‘ನೂರೊಂದು ವಿರಕ್ತರು’ ಎಂಬ ಎಣಿಕೆಯ ಹೆಸರೇ ನಿಂತಿತು. ಇವನ್ನು ಜನಗಣತಿಯಂತೆ ಓದುವುದಕ್ಕಿಂತ ಗೌರವದ ಸಂಖ್ಯೆಗಳೆಂದು ತಿಳಿಯುವುದೇ ಸರಿ.

ಸಂಖ್ಯೆಗೆ ಒಂದು ತೊಡಕುಂಟು. 63 ತುಂಬಿದ ಮೇಲೆ ಅಲ್ಲಿ ಅರವತ್ತನಾಲ್ಕನೆಯವರಿಗೆ ಸ್ಥಳವಿಲ್ಲ. ಆದುದರಿಂದಲೇ ಪಟ್ಟಿಗಳ ಜೊತೆಗೆ ‘ಅಸಂಖ್ಯಾತರು’ ಎಂಬ ಇನ್ನೊಂದು ಹೆಸರು ಬೇಕಾಯಿತು. ವಚನ ಸಂಪುಟಗಳಲ್ಲಿ ಅಂಕಿತ ಮಾತ್ರ ಉಳಿದು ಹೆಸರು ಅಳಿದುಹೋದ ವಚನಕಾರರೂ ಇದ್ದಾರೆ. ಅವರು ಯಾವ ಕುಲದವರು, ಯಾವ ಕಾಯಕದವರು ಎಂದು ಹೇಳಲು ಈಗ ಆಧಾರವಿಲ್ಲ. ಅಸಂಖ್ಯಾತರಲ್ಲಿ ಅವರನ್ನು ಸೇರಿಸಲು ಆ ಆಧಾರ ಬೇಕಾಗಿಯೂ ಇಲ್ಲ.