ಹಬ್ಶದ ಕಡೆಯಿಂದ ಬಂದ ರೊಟ್ಟಿ

ಕಳೆದ ಶಾಬಾನ್ ತಿಂಗಳಲ್ಲಿ ಗಜೇಂದ್ರಗಡದ ಒಂದು ಮನೆಗೆ ಹೆಣ್ಣು ನೋಡಲು ಬಂದವರ ಜೊತೆ ನಮ್ಮನ್ನೂ ಕರೆದಿದ್ದರು. ದಸ್ತರ್‌ಖಾನ್ ಮೇಲೆ ಬಿಳಿಜೋಳದ ರೊಟ್ಟಿ, ಅಲಸಂದಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹುಣಸೆಹುಳಿ ಹಾಕಿದ ಬದನೆಕಾಯಿ ಇದ್ದವು. ಬಂದವರಲ್ಲಿ ಹಿರಿಯರೊಬ್ಬರು ಎರಡನೇ ರೊಟ್ಟಿ ಮುರಿಯುತ್ತಾ ಪಕ್ಕದವರಿಗೆ, "ಹುಡುಗಿ ಓದ್ಯಾಳ, ಖರೆ. ಆದ್ರ ಹಬ್ಶಿ ಇದ್ದಂಗ ಅದಾಳಲ್ರೀ" ಎಂದರು. ಮಾತು ನಮ್ಮ ಕಿವಿಗೆ ಬಿತ್ತು. ಪರದೆಯ ಹಿಂದೆ ನಿಂತವರಿಗೂ ಬಿದ್ದಿರಬೇಕು. ನಾವು ಏನೂ ಹೇಳಲಿಲ್ಲ, ದುಆ ಮಾಡಿ ಎದ್ದು ಬಂದೆವು. ಸಂಬಂಧ ಕೂಡಲಿಲ್ಲ.

ಅಂದು ಹೇಳಬೇಕಿದ್ದನ್ನು ಇಂದು ಬರೆಯುತ್ತಿದ್ದೇವೆ. ಆ ಹಿರಿಯರ ತಟ್ಟೆಯಲ್ಲಿದ್ದ ಪದಾರ್ಥಗಳಲ್ಲಿ ಬದನೆಕಾಯಿ ಬಿಟ್ಟರೆ ಹೆಚ್ಚಿನವು ಹಬ್ಶಿಗಳ ಖಂಡದಿಂದ ಬಂದವು.

ಜೋಳವನ್ನೇ ನೋಡಿ. ರೋಣ, ನರಗುಂದದ ಎರಿ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಬಿಟ್ಟಾಗ ಅದು ಈ ಮಣ್ಣಿನಲ್ಲೇ ಹುಟ್ಟಿತೇನೋ ಅನಿಸುತ್ತದೆ. ಆದರೆ ಪೂರ್ವ ಸುಡಾನಿನಲ್ಲಿ ಅಗೆದಾಗ ಸಿಕ್ಕ ಮಡಕೆಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಇತ್ತು, ಅದು 5,000 ವರ್ಷಕ್ಕೂ ಹಳೆಯದು. ಕಾಡುಹುಲ್ಲನ್ನು ಬಿತ್ತಿ, ಆರಿಸಿ, ಬೆಳೆ ಮಾಡಿದವರು ಅಲ್ಲಿಯ ರೈತರು. ಇಂದಿಗೂ ಸುಡಾನಿನ ಗೆದಾರಿಫ್ ಸೀಮೆಯಲ್ಲಿ ನಮ್ಮಂತೆಯೇ ಕಪ್ಪು ಎರಿ ಭೂಮಿ, ಅದರಲ್ಲಿ ಜೋಳ. ಗುರೆಳ್ಳು ಇಥಿಯೋಪಿಯಾದ ಎತ್ತರದ ಸೀಮೆಯದು. ಅಲ್ಲಿ ಅದಕ್ಕೆ ನೂಗ್ ಎನ್ನುತ್ತಾರೆ, ಗಾಣಕ್ಕೆ ಹಾಕಿ ಎಣ್ಣೆ ತೆಗೆಯುತ್ತಾರೆ. ನಾವು ಹುರಿದು ಬೆಳ್ಳುಳ್ಳಿ, ಖಾರ ಕೂಡಿಸಿ ಕುಟ್ಟುತ್ತೇವೆ. ಅಲಸಂದಿ ಕೂಡ ಆಫ್ರಿಕಾದ್ದೇ, ಸ್ವಾಹಿಲಿ ಮಾತಾಡುವವರ ಬಾಯಲ್ಲಿ ಅದು ಕುಂದೆ. ಹುಣಸೆಯ ಕಥೆ ಇನ್ನೂ ಚೆಂದ. ಮರ ಆಫ್ರಿಕಾದ್ದು, ಆದರೆ ಇಲ್ಲಿ ಎಷ್ಟು ಬೇರೂರಿತೆಂದರೆ ಅರಬರು ಅದನ್ನು ತಮರ್ ಹಿಂದಿ, ಅಂದರೆ ಹಿಂದ್ ದೇಶದ ಖರ್ಜೂರ ಎಂದು ಕರೆದರು.

ಕಾಳುಗಳ ಹಿಂದೆ ಬಹಳ ಕಾಲದ ಮೇಲೆ ಮನುಷ್ಯರೂ ಬಂದರು. ಹೆಚ್ಚಿನವರು ಸ್ವಂತ ಇಚ್ಛೆಯಿಂದ ಬಂದವರಲ್ಲ. ಮಲಿಕ್ ಅಂಬರ್ ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಮಾರಾಟವಾಗಿ, ಬಗ್ದಾದ್ ಕಂಡು, ಗುಲಾಮರಾಗಿ ದಖ್ಖನ್‌ಗೆ ಬಂದರು. 1626ರಲ್ಲಿ ತೀರಿಕೊಳ್ಳುವಾಗ ಅವರು ಅಹಮದ್‌ನಗರ ರಾಜ್ಯದ ಸೂತ್ರಧಾರರು, ಮೊಘಲ್ ಫೌಜನ್ನು ವರ್ಷಾನುಗಟ್ಟಲೆ ತಡೆದು ನಿಲ್ಲಿಸಿದವರು. ನಮ್ಮ ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್, ಸಿದ್ದಿ ಜೌಹರ್, ಸಿದ್ದಿ ಮಸೂದ್ ಮುಂತಾದ ಹಬ್ಶಿ ಅಮೀರರಿದ್ದರು. ಗೋಲ್‌ಗುಂಬಜ್ ನೋಡಲು ಬಸ್ಸು ಮಾಡಿಕೊಂಡು ಹೋಗುವ ನಾವು ಈ ಹೆಸರುಗಳನ್ನು ಮಕ್ಕಳಿಗೆ ಹೇಳುವುದಿಲ್ಲ.

ಅಮೀರರಾಗದವರ ಮಕ್ಕಳೂ ಹತ್ತಿರದಲ್ಲೇ ಇದ್ದಾರೆ. ಹುಬ್ಬಳ್ಳಿ, ಕಲಘಟಗಿ ದಾಟಿದರೆ ಯಲ್ಲಾಪುರ, ಹಳಿಯಾಳದ ಕಾಡು. ಗೋವಾದಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಅನೇಕರು ಆ ಕಾಡು ಸೇರಿದರು. ಸಿದ್ದಿಗಳಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಅವರ ಒಲೆಯ ಮೇಲೂ ಇಂದು ನಮ್ಮಂತೆಯೇ ಅನ್ನ, ಸಾರು, ರೊಟ್ಟಿ. ಆದರೂ ಪೇಟೆಗೆ ಬಂದರೆ ಜನ ತಿರುಗಿ ತಿರುಗಿ ನೋಡುತ್ತಾರೆ, ಯಾವ ದೇಶದವರು ಎಂದು ಕೇಳುತ್ತಾರೆ. ಅದೇ ಪೇಟೆಯಲ್ಲಿ ಜೋಳದ ಚೀಲವನ್ನು ಹಾಗೆ ಕೇಳಿದವರನ್ನು ನಾವು ಕಂಡಿಲ್ಲ.

ಇಬ್ನು ಮಾಜಾರ ಹದೀಸ್ ಸಂಗ್ರಹದಲ್ಲಿ ಆಹಾರದ ಅಧ್ಯಾಯವಿದೆ. ಅದರಲ್ಲಿ ಹಜ್ರತ್ ಉಮ್ಮು ಐಮನ್(ರ) ಅವರ ಒಂದು ಸಣ್ಣ ಪ್ರಸಂಗ ಬರುತ್ತದೆ. ಅವರು ಹಬ್ಶದ ಮಹಿಳೆ. ತಾಯಿ ತೀರಿಕೊಂಡಾಗ ಆರು ವರ್ಷದ ಪ್ರವಾದಿ(ಸ)ರನ್ನು ಮಕ್ಕಾಕ್ಕೆ ಕರೆತಂದು ಸಾಕಿದವರು. ಒಮ್ಮೆ ಅವರು ಹಿಟ್ಟು ಜರಡಿ ಹಿಡಿದು ಪ್ರವಾದಿ(ಸ)ರಿಗೆ ರೊಟ್ಟಿ ಮಾಡಲು ಕುಳಿತರು. ಇದೇನು ಎಂದು ಕೇಳಿದಾಗ, ಇದು ನಮ್ಮ ನಾಡಿನಲ್ಲಿ ಮಾಡುವ ಅಡುಗೆ, ತಮಗೂ ಒಂದು ಮಾಡಿಕೊಡಬೇಕೆನಿಸಿತು ಎಂದರು. ತೆಗೆದ ಹೊಟ್ಟನ್ನು ಮತ್ತೆ ಕೂಡಿಸಿ ನಾದಲು ಪ್ರವಾದಿ(ಸ) ಹೇಳಿದರು. ಈ ಹದೀಸನ್ನು ನಾವು ಹಲವು ಸಲ ಖುತ್ಬಾದಲ್ಲಿ ಹೇಳಿದ್ದೇವೆ. ಪ್ರತಿ ಸಲವೂ ಹೊಟ್ಟಿನ ಮಾತು, ಸರಳ ಜೀವನದ ಮಾತು. ಪರದೇಶದಲ್ಲಿ ಬಾಳುತ್ತಿದ್ದ ಹೆಣ್ಣುಮಗಳು ತವರಿನ ರುಚಿಯನ್ನು ತಾನು ಸಾಕಿದವರಿಗೆ ಉಣಿಸಲು ಹಂಬಲಿಸಿದ್ದು, ಇಂಥ ನಾಡು ನನ್ನದು ಎಂದು ಸಂಕೋಚವಿಲ್ಲದೆ ಹೇಳಿದ್ದು ನಮ್ಮ ಗಮನಕ್ಕೆ ಬಂದದ್ದು ಗಜೇಂದ್ರಗಡದಿಂದ ಮರಳುವ ಬಸ್ಸಿನಲ್ಲಿ.

ಮನೆಯಲ್ಲಿ ಈ ಮಾತೆಲ್ಲ ಆದ ಮೇಲೆ ಮಗಳು, "ಅಬ್ಬಾ, ಅಲ್ಲಿಯವರು ಜೋಳದ್ದು ಏನು ಮಾಡ್ತಾರ?" ಎಂದಳು. ಸುಡಾನಿನ ಮನೆಗಳಲ್ಲಿ ಕಿಸ್ರಾ ಎಂಬುದನ್ನು ಮಾಡುತ್ತಾರೆ. ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ಗರಿಯ ತುಂಡಿನಿಂದ ಕಾಗದದಷ್ಟು ತೆಳ್ಳಗೆ ಎಳೆಯುತ್ತಾರೆ. ನಮ್ಮ ಮನೆಯವರು ಎರಡು ಬಟ್ಟಲು ಜೋಳದ ಹಿಟ್ಟನ್ನು ನೀರಲ್ಲಿ ಕಲಸಿ ಎರಡು ರಾತ್ರಿ ಮುಚ್ಚಿಟ್ಟರು. ಹುಳಿ ವಾಸನೆ ಬಂದ ಮೇಲೆ ಒಂದು ಹಿಡಿ ಗೋಧಿಹಿಟ್ಟು, ಉಪ್ಪು ಕೂಡಿಸಿ ನೀರು ದೋಸೆಯ ಹದಕ್ಕೆ ತಂದರು. ಮೊದಲ ಮೂರು ಹಂಚಿಗೇ ಅಂಟಿಕೊಂಡವು. ಬೆಂಕಿ ಸಣ್ಣದು ಮಾಡಿ, ಎಣ್ಣೆ ಸವರಿದ ಅರಿವೆಯಿಂದ ಹಂಚು ಒರೆಸಿದ ಮೇಲೆ ನಾಲ್ಕನೆಯದು ಅಂಚಿನಿಂದ ತಾನೇ ಎದ್ದಿತು. ಅಲಸಂದಿ ಪಲ್ಯದ ಜೊತೆ ತಿಂದೆವು. ನಮ್ಮ ಅಮ್ಮೀಜಾನ್‌ಗೆ ಹುಳಿ ಹೆಚ್ಚೆನಿಸಿತು, ಮಕ್ಕಳಿಗೆ ಸಾಲಲಿಲ್ಲ. ತಳದಲ್ಲಿ ಉಳಿದ ಒಂದು ಸೌಟು ಹಿಟ್ಟನ್ನು ಮಗಳು ಚೆಲ್ಲಗೊಡಲಿಲ್ಲ, ಮುಂದಿನ ಜುಮ್ಮಾಕ್ಕೆ ಹೆಪ್ಪಿಗೆ ಬೇಕೆಂದು ಮುಚ್ಚಿಟ್ಟಳು.