ವರ್ಲಿಯ ಕಪ್ಪೆ ಮತ್ತು ನಮ್ಮ ಕೈ

ಮುಂಬಯಿಯ ಇತಿಹಾಸವೆಂದರೆ ಏಳು ದ್ವೀಪಗಳಿಂದಲೋ ಪೋರ್ತುಗೀಸರಿಂದಲೋ, ಹೆಚ್ಚೆಂದರೆ ಕಾನ್ಹೇರಿಯ ಗುಹೆಗಳಿಂದಲೋ ಆರಂಭಿಸುವುದು ನಮ್ಮ ವಾಡಿಕೆ. ಆದರೆ ಈ ನೆಲದ ಹಳೆಯ ನಿವಾಸಿಗಳು ಅದಕ್ಕೂ ಬಹಳ ಹಿಂದಿನವರು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖಣದಲ್ಲಿ ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟುತ್ತಿತ್ತು. ಒಂದು ಪ್ರವಾಹಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಕೆರೆಕುಂಟೆಗಳಾದವು. ಅವುಗಳಲ್ಲಿ ಆಮೆ ಕಪ್ಪೆಗಳು ಬಾಳಿದವು. ಆ ಕೆಸರಿನಲ್ಲಿ ಹೂತು ಕಲ್ಲಾದ ಪುಟ್ಟ ಕಪ್ಪೆಗಳ ಎಲುಬುಗೂಡುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಲಿ ಗುಡ್ಡದಲ್ಲಿ ದೊರೆತವು.

ಮುಂಬಯಿ–ಠಾಣೆ ರೈಲು ಮಾರ್ಗದ ಆರಂಭದ ಯೋಜನೆಯಲ್ಲಿ ದುಡಿದ ಇಂಜಿನಿಯರ್ ಜಾರ್ಜ್ ಥಾಮಸ್ ಕ್ಲಾರ್ಕ್ ಈ ಭಾಗದ ಶಿಲೆಗಳ ಕುರಿತು ಬರೆದ ಲೇಖನವನ್ನು ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆ 1847ರಲ್ಲಿ ಪ್ರಕಟಿಸಿತು. ಅದಕ್ಕೆ ಅನುಬಂಧವಾಗಿ ಈ ಕಪ್ಪೆಯ ವಿವರಣೆ ಬರೆದು, 'ರಾನಾ ಪುಸಿಲ್ಲಾ' ಎಂದು ಹೆಸರಿಟ್ಟವರು ರಿಚರ್ಡ್ ಓವೆನ್. 'ಪುಸಿಲ್ಲಾ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಪುಟ್ಟದು. ಮುಂದೆ 1930ರಲ್ಲಿ ಅಮೆರಿಕದ ಜಿ. ಕೆ. ನೋಬಲ್ ಅದನ್ನು 'ಇಂಡೋಬಾಟ್ರಾಕಸ್' ಎಂಬ ಹೊಸ ಕುಲಕ್ಕೆ ಸೇರಿಸಿದರು.

ಈ ಓವೆನ್ ಸಾಮಾನ್ಯರಲ್ಲ. ಬೇರೆ ಬೇರೆ ಪ್ರಾಣಿಗಳಲ್ಲಿ ರೂಪವೂ ಕೆಲಸವೂ ಎಷ್ಟೇ ಬದಲಾದರೂ ಮೂಲತಃ ಒಂದೇ ಆಗಿರುವ ಅಂಗಗಳನ್ನು ಗುರುತಿಸಿ, 'ಹೊಮಾಲಜಿ' ಎಂಬ ಪರಿಭಾಷೆಗೆ 1843ರಲ್ಲಿ ಖಚಿತವಾದ ಅರ್ಥ ಕೊಟ್ಟವರು ಅವರೇ. ಇಂಥವನ್ನು ನಾವು ರಚನಾನುರೂಪಿ ಅಂಗಗಳೆನ್ನಬಹುದು.

ನಮ್ಮ ತೋಳನ್ನೇ ನೋಡೋಣ. ಭುಜದಿಂದ ಮೊಣಕೈವರೆಗೆ ಒಂದು ಮೂಳೆ, ಮುಂಗೈಯಲ್ಲಿ ಎರಡು, ಮಣಿಕಟ್ಟಿನಲ್ಲಿ ಸಣ್ಣವು ಹಲವು, ಆಮೇಲೆ ಐದು ಬೆರಳು. ಬಾವಲಿಯ ರೆಕ್ಕೆಯಲ್ಲಿಯೂ ಇದೇ ಕ್ರಮ. ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿವೆ, ಅಷ್ಟೇ. ಡಾಲ್ಫಿನ್ನಿನ ಹುಟ್ಟಿನಂಥ ಈಜುರೆಕ್ಕೆಯೊಳಗೂ ಅದೇ. ದನ ನಡೆಯುವುದು ಮೂರನೆಯ ಮತ್ತು ನಾಲ್ಕನೆಯ ಬೆರಳಿನ ಮೇಲೆ. ಕುದುರೆ ಮೂರನೆಯದೊಂದರ ಮೇಲೆಯೇ. ಕಪ್ಪೆಯ ಮುಂಗೈಯ ಎರಡು ಮೂಳೆಗಳು ಒಂದಾಗಿ ಬೆಸೆದಿವೆ. ಜಿಗಿತಕ್ಕೆ ಒದಗುವಂತೆ ಹಿಂಗಾಲಿನ ಹರಡಿನ ಎರಡು ಮೂಳೆಗಳು ಉದ್ದವಾಗಿವೆ. ಚಿಟ್ಟೆಯ ರೆಕ್ಕೆಯ ಮಾತು ಬೇರೆ. ಅದೂ ಹಾರಲೆಂದೇ ಇದ್ದರೂ ಅದರಲ್ಲಿ ಮೂಳೆಯೇ ಇಲ್ಲ. ಕೆಲಸ ಒಂದೇ, ಮೂಲ ಬೇರೆ.

ಇಷ್ಟೊಂದು ಭಿನ್ನ ಕೆಲಸಗಳಿಗೆ ಒಂದೇ ಚೌಕಟ್ಟು ಏಕೆ? ಸೃಷ್ಟಿಗೆ ಮೊದಲೇ ದೈವಸಂಕಲ್ಪದಲ್ಲಿದ್ದ ಒಂದು ಆದರ್ಶ ನಕ್ಷೆಯೇ ಇದಕ್ಕೆ ಕಾರಣವೆಂಬುದು ಓವೆನ್ನರ ಉತ್ತರ. 1849ರಲ್ಲಿ ಅವಯವಗಳ ಕುರಿತೇ ಅವರೊಂದು ಪುಸ್ತಕ ಬರೆದರು. ಹತ್ತು ವರ್ಷಗಳ ತರುವಾಯ, 1859ರಲ್ಲಿ, ಚಾರ್ಲ್ಸ್ ಡಾರ್ವಿನ್ ಅದೇ ಸಾಕ್ಷ್ಯವನ್ನಿಟ್ಟುಕೊಂಡು ಬೇರೆಯೇ ಮಾತು ಹೇಳಿದರು: ಇದು ನಕ್ಷೆಯಲ್ಲ, ವಂಶಾವಳಿ. ಊರಿನ ಒಂದೇ ಕುಟುಂಬದವರು ಮುಂಬಯಿಗೆ ಬಂದು ಒಬ್ಬರು ಹೋಟೆಲು, ಒಬ್ಬರು ಗಿರಣಿ, ಇನ್ನೊಬ್ಬರು ಬ್ಯಾಂಕು ಸೇರಿದರೂ ಮನೆತನ ಒಂದೇ ಅಲ್ಲವೆ? ಹಾಗೆಯೇ ಇದು. ಓವೆನ್ ಇದನ್ನು ಒಪ್ಪಲಿಲ್ಲ. 1860ರಲ್ಲಿ ಹೆಸರು ಹಾಕದೆ ಕಟುವಾದ ವಿಮರ್ಶೆ ಬರೆದರು. ತಾವೇ ಕೂಡಿಸಿದ ಸಾಕ್ಷ್ಯ ಎದುರಾಳಿಯ ವಾದಕ್ಕೆ ಆಧಾರವಾದದ್ದು ವಿಜ್ಞಾನ ಚರಿತ್ರೆಯ ಒಂದು ವಿಚಿತ್ರ.

ಕಾಲ ಡಾರ್ವಿನ್ನರ ಪಕ್ಷವನ್ನೇ ಹಿಡಿಯಿತು. ಕೆನಡಾದ ಹಿಮಪ್ರದೇಶದಲ್ಲಿ 2004ರಲ್ಲಿ ಸಿಕ್ಕ, ಸುಮಾರು 37.5 ಕೋಟಿ ವರ್ಷ ಹಿಂದಿನ 'ಟಿಕ್‌ಟಾಲಿಕ್' ಎಂಬ ಮೀನಿನ ಈಜುರೆಕ್ಕೆಯೊಳಗೆ ತೋಳು, ಮುಂಗೈ, ಮಣಿಕಟ್ಟುಗಳ ಪೂರ್ವರೂಪ ಕಂಡಿತು. ಮೀನಿನ ಈಜುರೆಕ್ಕೆಯನ್ನೂ ನಮ್ಮ ಕೈಯನ್ನೂ ರೂಪಿಸುವುದು ಒಂದೇ ಬಗೆಯ ಜೀನುಗಳೆಂಬುದೂ ತಿಳಿದುಬಂದಿದೆ.

ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಹೊರೆ ಇಳಿಸುವ ಕಾರಣ ಹೇಳಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಪಾಠವನ್ನು ತೆಗೆದಾಗ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಹಿಮಾಡಿ ಆಕ್ಷೇಪಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಉಳಿಯಿತೆಂಬುದು ನಿಜ. ಆದರೆ ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ಆರಿಸುವ ಮಕ್ಕಳು ಅದನ್ನು ಓದುವುದೆಂದು?

ಆ ಕೊರತೆಯನ್ನು ಮನೆಯಲ್ಲಿ ನಾವೇ ತುಂಬಬಹುದು. ಕೋಟೆ ಪ್ರದೇಶದ ವಸ್ತುಸಂಗ್ರಹಾಲಯದ ಪ್ರಾಣಿವಿಭಾಗಕ್ಕೆ ಮಕ್ಕಳನ್ನು ಕರೆದೊಯ್ದು, ಅಲ್ಲಿರುವ ಪ್ರಾಣಿಗಳ ಕಾಲಿನಲ್ಲಿ ಮೊಣಕೈ ಎಲ್ಲಿ, ಮಣಿಕಟ್ಟು ಎಲ್ಲಿ ಎಂದು ಹುಡುಕಲು ಹೇಳೋಣ. ಮುಂಬಯಿಗೆ ನಾವೆಲ್ಲ ಹೊರಗಿನಿಂದ ಬಂದವರೇ. ನಮಗಿಂತ ಆರೂವರೆ ಕೋಟಿ ವರ್ಷ ಮೊದಲೇ ಇಲ್ಲಿ ನೆಲೆಸಿದ್ದ ವರ್ಲಿಯ ಆ ಪುಟ್ಟ ಕಪ್ಪೆ ದೂರದ ನೆಂಟನೆಂಬುದಕ್ಕೆ ನಮ್ಮ ಕೈಯೇ ಸಾಕ್ಷಿ.