ಅಕ್ಕಿಕಾಳು ಬಿದ್ದಾಗ ಚೌಕಳಿಯಾದ ಚಿತ್ರ

ನುಡಿಯಲ್ಲೋ ಶ್ರೀಲಿಪಿಯಲ್ಲೋ ಟೈಪ್ ಮಾಡಿದ ಹಳೇ ಕಡತವನ್ನ ಯೂನಿಕೋಡಿಗೆ ತಂದವರಿಗೆಲ್ಲ ಅರ್ಕಾವತ್ತಿನ ಕಾಟ ಗೊತ್ತೇ ಇರುತ್ತೆ. ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಒತ್ತಕ್ಷರ ಎದ್ದು ಕೂತಿರುತ್ತೆ. ಆದ್ರೂ ಅಕ್ಷರ ಎಲ್ಲೂ ಹೋಗಿರಲ್ಲ, ಒಂದು ಭಾನುವಾರ ಕೂತು ತಿದ್ದಬಹುದು. ವಿಡಿಯೋ ಹಾಗಲ್ಲ. ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಾಯಿಸಿದಾಗಲೆಲ್ಲ ಒಂದಷ್ಟು ಉದುರುತ್ತೆ, ಉದುರಿದ್ದು ವಾಪಸ್ ಬರಲ್ಲ. ಸಂಪಿಗೆ, ತುರುವೇಕೆರೆ, ತಿಪಟೂರು ಕಡೆಯ ಮದುವೆ ವಿಡಿಯೋಗಳು ಹೀಗೆ ಎಷ್ಟು ಸಲ ಉದುರಿವೆ ಅನ್ನೋದರ ಕಥೆ ಇದು. ನಿಮ್ಮೂರಿನದೂ ಹೆಚ್ಚುಕಮ್ಮಿ ಇದೇ ಇರುತ್ತೆ ಬಿಡಿ.

ಮೊದಲು ಇದ್ದದ್ದು ವಿಎಚ್‌ಎಸ್ ಕ್ಯಾಸೆಟ್ಟು. ಜಪಾನಿನ ಜೆವಿಸಿ ಕಂಪನಿ ಅದನ್ನ ಹೊರತಂದಿದ್ದು 1976ರಲ್ಲಿ. ನಮ್ಮ ದೇಶಕ್ಕೆ ಕಲರ್ ಟಿವಿ ಬಂದದ್ದು 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ, ವಿಸಿಆರ್ ಹುಚ್ಚು ಹತ್ತಿದ್ದೂ ಆಗಲೇ. ತೊಂಬತ್ತರ ದಶಕದಲ್ಲಿ ಕ್ಯಾಮೆರಾ ಮದುವೆಮನೆಗೆ ನುಗ್ಗಿತು. ಒಬ್ಬ ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡು, ಇನ್ನೊಬ್ಬ ಹುಡುಗ ಕಣ್ಣು ಕುಕ್ಕೋ ಲೈಟ್ ಹಿಡಿದುಕೊಂಡು. ನಮ್ಮ ಅಪ್ಪ ಅಮ್ಮನ ಮದುವೆ 1995ರಲ್ಲಿ. ಮೂರು ಗಂಟೆಯ ಕ್ಯಾಸೆಟ್ಟು. ನೋಡಿಯಾದ ಮೇಲೆ ಅದು ಹೋಗಿ ಕೂತದ್ದು ಅಟ್ಟದ ಮೇಲೆ, ತೆಂಗಿನಕಾಯಿ ರಾಶಿ ಪಕ್ಕ. ಅಟ್ಟದಲ್ಲಿ ವರ್ಷ ಬಿಟ್ರೆ ಕಾಯಿ ಕೊಬ್ಬರಿ ಆಗುತ್ತೆ, ಕ್ಯಾಸೆಟ್ಟು ಬೂಷ್ಟು ಹಿಡಿಯುತ್ತೆ :)

ಆಮೇಲೆ ವಿಸಿಡಿ. ಫಿಲಿಪ್ಸ್, ಸೋನಿ, ಮತ್ಸುಷಿತಾ, ಜೆವಿಸಿ ಸೇರಿ 1993ರಲ್ಲಿ ಗೊತ್ತು ಮಾಡಿದ ನಮೂನೆ ಇದು. ಅಮೆರಿಕದಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ, ಚೀನಾದಿಂದ ನಮ್ಮವರೆಗೆ ಏಷ್ಯಾದಲ್ಲಿ ಮಾತ್ರ ಮನೆಮನೆಗೂ ಹೊಕ್ಕಿತು. ಹಾಡು ಕೇಳೋ ಸಿಡಿಯಲ್ಲೇ 74 ನಿಮಿಷ ವಿಡಿಯೋ ತುಂಬಿಸಬೇಕು ಅನ್ನೋದು ಅದರ ಹಟ. ಅದಕ್ಕೇ ಕನ್ನಡ ಸಿನಿಮಾ ಎರಡು ಮೂರು ಡಿಸ್ಕಲ್ಲಿ ಬರ್ತಿತ್ತು. ಚಿತ್ರದ ಅಳತೆ 352 ಬೈ 288. ಸೆಕೆಂಡಿಗೆ 1150 ಕಿಲೋಬಿಟ್, ಅಷ್ಟೇ. ಸೆಕೆಂಡಿಗೆ 25 ಚಿತ್ರ ಅಂದ್ರೆ ಲೆಕ್ಕ ಹಾಕಿ, ಒಂದು ಚಿತ್ರಕ್ಕೆ ಸರಾಸರಿ ಆರು ಕೆಬಿ ಕೂಡ ಸಿಗಲ್ಲ!

ಇಷ್ಟರಲ್ಲಿ ಹೇಗೆ ನಡೀತಿತ್ತು? ಎಂಪೆಗ್-1 ಅನ್ನೋ ವಿಧಾನ ಚಿತ್ರವನ್ನ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತೆ. ಹಿಂದಿನ ಚಿತ್ರದಲ್ಲಿದ್ದ ಚೌಕ ಈಗ ಎಲ್ಲಿಗೆ ಸರಿದಿದೆ ಅಂತ ಹುಡುಕಿ, ಬದಲಾದದ್ದನ್ನ ಮಾತ್ರ ಬರೆದಿಡುತ್ತೆ. ಕುರ್ಚಿ ಮೇಲೆ ಸುಮ್ಮನೆ ಕೂತ ಹಿರಿಯರಿಗೆ ಈ ಉಪಾಯ ಧಾರಾಳವಾಯ್ತು. ಆದ್ರೆ ಮುಹೂರ್ತಕ್ಕೆ ಗಟ್ಟಿಮೇಳ ಶುರುವಾಗಿ ನಾಲ್ಕೂ ಕಡೆಯಿಂದ ಅಕ್ಕಿಕಾಳು ಬೀಳುತ್ತಲ್ಲ, ಅಲ್ಲಿ ಪ್ರತಿ ಕಾಳೂ ತನ್ನದೇ ದಾರಿ ಹಿಡಿದಿರುತ್ತೆ. ಹಿಂದಿನ ಚಿತ್ರದಲ್ಲಿ ಹುಡುಕಿದ್ರೆ ಹೊಂದೋ ಚೌಕವೇ ಸಿಗಲ್ಲ. ವಿಸಿಡಿಯಲ್ಲಿ ಪಾಲು ಮಾತ್ರ ಪ್ರತಿ ಸೆಕೆಂಡಿಗೂ ಅಷ್ಟೇ, ಹೆಚ್ಚು ಕೇಳೋ ಹಾಗಿಲ್ಲ. ಚಿತ್ರ ಚೌಕಳಿ ಚೌಕಳಿ ಆಗಿ ಒಡೆಯುತ್ತೆ. ಇಡೀ ಮದುವೆಯಲ್ಲಿ ಯಾವ ಅರ್ಧ ನಿಮಿಷ ಬೇಕೋ ಅದನ್ನೇ ವಿಸಿಡಿ ಸರಿಯಾಗಿ ಹಿಡಿಯಲ್ಲ. ನಮ್ಮನೆ ಡಿಸ್ಕಲ್ಲಿ ಅಮ್ಮನ ಹಿಂದೆ ನಿಂತ ಅಜ್ಜಿ ಅಕ್ಕಿಕಾಳು ಹಾಕೋವಾಗ ಮುಖ ಅಂತ ಕಾಣೋದು ನಾಲ್ಕೈದು ಕಂದು ಚೌಕ. ಅಜ್ಜಿ ಈಗಿಲ್ಲ. ಅವರು ಓಡಾಡೋ ಚಿತ್ರ ಇರೋದು ಅದೊಂದರಲ್ಲೇ.

ಅಂಗಡಿಯವರನ್ನ ಬೈಯೋಕೆ ಮನಸ್ಸು ಬರಲ್ಲ. ನಾವು ಕ್ಯಾಸೆಟ್ಟು ಕೊಟ್ಟು ವಿಸಿಡಿ ಮಾಡಿಸಿದ್ದು 2004ರಲ್ಲಿ. ಡಿವಿ ನಮೂನೆಯಲ್ಲಿ ಹಿಡಿದಿಟ್ರೆ ಗಂಟೆಗೆ 13 ಜಿಬಿ ಬೇಕು, ಮೂರು ಗಂಟೆಗೆ 39. ಆಗ ಎಷ್ಟೋ ಕಂಪ್ಯೂಟರುಗಳ ಹಾರ್ಡ್‌ಡಿಸ್ಕೇ 40 ಜಿಬಿ! ಹಾಗಾಗಿ ಕ್ಯಾಪ್ಚರ್ ಕಾರ್ಡಿನಿಂದ ನೇರ ಎಂಪೆಗ್-1ಕ್ಕೆ ಇಳಿಸೋದು, ಇಲ್ಲಾ ಟಿಎಂಪೆಗ್‌ಎಂಕ್‌ನಲ್ಲಿ ವಿಸಿಡಿ ಟೆಂಪ್ಲೇಟ್ ಆರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನೀರೋದಲ್ಲಿ ಬರ್ನ್ ಮಾಡಿ, ಮೂಲ ಫೈಲ್ ಅಳಿಸೋದು. ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳಲಿಲ್ಲ. ಟೇಪಿನಲ್ಲಿ ಸೆಕೆಂಡಿಗೆ 50 ಅರ್ಧಚಿತ್ರ ಇರುತ್ವೆ, ಒಂದರಲ್ಲಿ ಬೆಸ ಗೆರೆ, ಇನ್ನೊಂದರಲ್ಲಿ ಸಮ ಗೆರೆ. ವಿಸಿಡಿಗೆ ಹಾಕುವಾಗ ಸಾಮಾನ್ಯವಾಗಿ ಜೋಡಿಯಲ್ಲಿ ಒಂದನ್ನ ಎಸೆದುಬಿಡ್ತಿದ್ರು. ಚಲನೆಯಲ್ಲಿ ಅರ್ಧ ಅಲ್ಲೇ ಹೋಯ್ತು.

ಡಿವಿಡಿ ಬಂತು, 720 ಬೈ 576. ಅದರ ಬೀಗ ಸಿಎಸ್‌ಎಸ್ ಅನ್ನ 1999ರಲ್ಲಿ ತೆಗೆದ ಡಿಸಿಎಸ್‌ಎಸ್ ಪ್ರೋಗ್ರಾಂ, ಅದಕ್ಕಾಗಿ ಕೋರ್ಟಿಗೆ ಹೋದ ನಾರ್ವೆಯ ಹುಡುಗ ಯೋನ್ ಲೆಕ್ ಯೊಹಾನ್ಸನ್, 2003ರಲ್ಲಿ ಅವನ ಬಿಡುಗಡೆ, ಅದೆಲ್ಲ ಬೇರೆಯದೇ ಕಥೆ. ಮೋಸರ್ ಬೇಯರ್ 2007ರ ಸುಮಾರಿಗೆ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಅಂತ ಮಾರೋಕೆ ಶುರು ಮಾಡಿದಾಗ ಮನೆಮನೆಗೂ ಡಿವಿಡಿ ಪ್ಲೇಯರ್ ಬಂತು. ಮದುವೆಯನ್ನೂ ಡಿವಿಡಿ ಮಾಡಿಸೋಣ ಅಂದ್ರು. ವಿಸಿಆರ್ ಕೆಟ್ಟಿತ್ತಲ್ಲ, ಅಂಗಡಿಗೆ ಕೊಟ್ಟದ್ದು ವಿಸಿಡಿಯನ್ನೇ! ಅದೇ ಚೌಕಗಳು, ದೊಡ್ಡ ಅಳತೆಯಲ್ಲಿ. ಆಮೇಲೆ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸೋ ಕಾಲ ಬಂತು, ಮದುವೆಯೂ 176 ಬೈ 144ರ ತ್ರೀಜಿಪಿ ಆಯ್ತು. ಆಮೇಲೆ ವಾಟ್ಸಾಪ್.

ಈ ಹೊತ್ತಲ್ಲೇ ಇನ್ನೊಂದು ಕಡೆ ಪುಕ್ಕಟೆ ಸಾಮಾನುಗಳು ತಯಾರಾಗ್ತಿದ್ವು. ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನ ಹುಡುಗರು 1996ರಲ್ಲಿ ಶುರು ಮಾಡಿದ ವಿಎಲ್‌ಸಿ 2001ರಲ್ಲಿ ಮುಕ್ತ ತಂತ್ರಾಂಶವಾಯ್ತು. ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಎಫ್‌ಎಫ್‌ಎಂಪೆಗ್ ಶುರು ಮಾಡಿದ್ರು. ಎರಿಕ್ ಪೆಟಿಟ್ ಅವರ ಹ್ಯಾಂಡ್‌ಬ್ರೇಕ್ 2003ರದ್ದು. ನಾವು 'ಯಾವುದೋ ಕನ್ವರ್ಟರ್' ಅಂತ ಡೌನ್‌ಲೋಡ್ ಮಾಡ್ತೀವಲ್ಲ, ಅದರಲ್ಲಿ ಎಷ್ಟೋ ಈ ಎಫ್‌ಎಫ್‌ಎಂಪೆಗ್‌ಗೆ ಅಂಗಿ ಹಾಕಿದ್ದು ಅಷ್ಟೇ.

ಎಫ್‌ಎಫ್‌ಎಂಪೆಗ್ ಬಲ್ಲವರು ಮೊದಲು ಕಲಿಯೋದು 'ಕಾಪಿ' ಅನ್ನೋ ಆಯ್ಕೆ. ವಿಸಿಡಿಯ ಡ್ಯಾಟ್ ಫೈಲಿನ ಒಳಗಿರೋದು ಎಂಪೆಗ್-1 ತಾನೇ. ಹೊರಗಿನ ಸಿಪ್ಪೆ ಸುಲಿದು ಒಳಗಿನದನ್ನ ಹಾಗೇ ತೆಗೆದಿಡಬಹುದು, ಒಂದು ಬಿಟ್ಟೂ ಬದಲಾಗಲ್ಲ, ಎರಡು ನಿಮಿಷದ ಕೆಲಸ. ಎಂಪಿ4 ಮಾಡಿ 'ಎಚ್‌ಡಿ ಕ್ವಾಲಿಟಿ' ಅಂತ ಆರಿಸಿದ್ರೆ ಗಂಟೆಗಟ್ಟಲೆ ಕಾದು, ಇದ್ದದ್ದರಲ್ಲೂ ಒಂದಷ್ಟು ಕಳೆದುಕೊಂಡಂಗೆ. ಗೀಚಿದ ಡಿಸ್ಕು ಕಾಪಿ ಪೇಸ್ಟಲ್ಲಿ ಅರ್ಧಕ್ಕೇ ನಿಂತ್ರೂ ಕೈಬಿಡಬೇಡಿ. ಸೆಕ್ಟರ್ ಸೆಕ್ಟರ್ ಓದಿ ಕೆಟ್ಟಿದ್ದನ್ನ ಹಾರಿಸೋ ಪ್ರೋಗ್ರಾಂಗಳಿವೆ. ಅಂದಹಾಗೆ ಸಿಡಿಯಲ್ಲಿ ಹೊಳೆಯೋ ಪದರ ಇರೋದು ಹೆಸರು ಬರೆಯೋ ಬದಿಯ ತೆಳು ಲೇಪನದ ಕೆಳಗೇ. ಎಷ್ಟೋ ಮದುವೆಗಳನ್ನ ಕೊಂದದ್ದು ಬಾಲ್‌ಪೆನ್ನು.

ಆದ್ರೆ ಕ್ಯಾಸೆಟ್ಟು ಇನ್ನೂ ಇದ್ರೆ ಮೊದಲು ಅದಕ್ಕೇ ಹೋಗಬೇಕು. ವಿಸಿಆರ್ ಮಾಡ್ತಿದ್ದ ಕೊನೇ ಕಂಪನಿ ಜಪಾನಿನ ಫುನಾಯ್ 2016ರ ಜುಲೈನಲ್ಲಿ ನಿಲ್ಲಿಸಿತು. ಈಗಿರೋದೆಲ್ಲ ಹಳೇ ಮಾಲು, ರಿಪೇರಿ ಗೊತ್ತಿರೋರೂ ಕಮ್ಮಿ. ನಾನು ಒಂದು ಸೆಕೆಂಡ್‌ಹ್ಯಾಂಡ್ ವಿಸಿಆರ್ ತಂದು, ಬೂಷ್ಟು ಒರೆಸಿ, 50 ಅರ್ಧಚಿತ್ರಗಳನ್ನೂ ಉಳಿಸಿಕೊಂಡು ಹಿಡಿದೆ. ಅಕ್ಕಿಕಾಳು ಗೆರೆ ಗೆರೆಯಾಗಿ ಬೀಳುತ್ತೆ, ಅದರ ಹಿಂದೆ ಅಜ್ಜಿ ಮೂಗುಬೊಟ್ಟು ಹೊಳೆಯುತ್ತೆ. ಅಮ್ಮ ಅದನ್ನ ನಿಲ್ಲಿಸಿ ನಿಲ್ಲಿಸಿ ನೋಡಿದ್ರು.

ಊಟದ ಪಂಕ್ತಿ ಬರೋ ನಾಲ್ಕು ನಿಮಿಷ ಮಾತ್ರ ಟೇಪೇ ಹಾಳಾಗಿ ಬರೀ ಬಿಳಿ ಗೆರೆ. ಆ ನಾಲ್ಕು ನಿಮಿಷಕ್ಕೆ ಈಗ 2004ರ ವಿಸಿಡಿಯೇ ಗತಿ. ಅದರ ಡ್ಯಾಟ್ ಫೈಲನ್ನೂ ಪಕ್ಕದಲ್ಲೇ ಇಟ್ಟಿದ್ದೀನಿ.